ಐದನೇ ಕೋಣೆಯ ರೋಗಿ

ಮತ್ತೆ ಅದೇ ಡಬ್ಬಿ, ಈ ಹುಡುಗನೂ ಅದನ್ನು ಎರಡು ಬೆರಳಲ್ಲಿ ನನ್ನ ಕಡೆಗೆ ತಳ್ಳುತ್ತಿದ್ದಾನೆ, ಟಿಶ್ಯೂ ಡಬ್ಬಿ, ಒಳಗೆ ಒಂದು ಹಾಳೆಯೂ ಇಲ್ಲ, ಮೆಡಿಕಲ್ ಹುಡುಗರ ಪರೀಕ್ಷೆಗೆಂದು ಈ ಐದನೇ ಕೋಣೆಯಲ್ಲಿ ಇಟ್ಟದ್ದು, ತಳ್ಳಿದರೆ ಅಂಕ, ಒಳಗೇನಿದೆ ಎಂದು ನೋಡುವವರಿಲ್ಲ — ತಗೊಳ್ಳಿ ಅಮ್ಮಾ, ಅಳು ಬಂದ್ರೆ ಅತ್ತುಬಿಡಿ — ಅಮ್ಮನಂತೆ, ನಿನ್ನೆಯವರೆಗೆ ಮೇಡಂ ಆಗಿದ್ದೆ, ಮೂತ್ರಪಿಂಡದ ಪಾಠದಲ್ಲಿ ತೂಕಡಿಸಿ ನನ್ನಿಂದ ಬೈಸಿಕೊಂಡವನು ಇವನು, ಇಂದು ಅವನು ಡಾಕ್ಟರು, ನಾನು ರೋಗಿ, ರೋಗಿಯ ಪಾತ್ರಕ್ಕೆ ಬರಬೇಕಾದವಳು ಕೈಕೊಟ್ಟಳು, ಖಿನ್ನತೆಯ ರೋಗಿ ಬೇಕು, ಯಾರಾದ್ರೂ ಕೂತ್ಕೊಳ್ತೀರಾ ಎಂದು ಮನೋವೈದ್ಯರು ಸ್ಟಾಫ್ ರೂಮಿನಲ್ಲಿ ಕೇಳಿದಾಗ ನನ್ನ ಕೈ ತಾನಾಗಿ ಮೇಲೆದ್ದಿತು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ನಿದ್ದೆ ಕಡಿಮೆ, ಊಟ ಸೇರದು, ಸಾಯುವ ಯೋಚನೆ ಇಲ್ಲ, ಬೆಳಿಗ್ಗೆ ಬಂದವರಿಗೆಲ್ಲ ಅದನ್ನೇ ಗಿಳಿಯಂತೆ ಒಪ್ಪಿಸಿದೆ, ಆಮೇಲೆ ಯಾವಳೋ ಮೆತ್ತಗೆ, ದಿನ ಹೇಗೆ ಕಳೀತೀರಮ್ಮಾ ಎಂದಳು, ಚೀಟಿ ಮರೆತುಹೋಯಿತು — ಕಾಲೇಜಿಗೆ ಬಂದು ಕಾರು ನಿಲ್ಲಿಸಿ ಸ್ಟೀರಿಂಗ್ ಹಿಡಿದು ಕೂರುತ್ತೇನೆ, ಇಳಿಯಲು ಕಾಲು ಏಳುವುದಿಲ್ಲ, ವಾಚ್‌ಮನ್ ಇಣುಕಿದರೆ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತೇನೆ, ಆ ಕಡೆ ಯಾರೂ ಇರುವುದಿಲ್ಲ, ಪಾಠದ ನಡುವೆ ಅಳು ಬಂದರೆ ಬೋರ್ಡಿನ ಕಡೆ ತಿರುಗಿ ಚಿತ್ರ ಬರೆಯುತ್ತೇನೆ, ಮುಖ ಸರಿಹೋಗುವವರೆಗೂ ಬರೆಯಬೇಕು, ಅದಕ್ಕೇ ನನ್ನ ಮೂತ್ರಪಿಂಡ ಬೋರ್ಡಿನ ತುಂಬ ಇರುತ್ತದೆ — ಎಲ್ಲ ಹೇಳಿಬಿಟ್ಟೆ, ಅವಳು ಹೂಂ ಹೂಂ ಎಂದು ಡಬ್ಬಿ ತಳ್ಳಿದಳು, ಮೂಲೆಯಲ್ಲಿ ಮನೋವೈದ್ಯರು ತಲೆ ತಗ್ಗಿಸಿ ಅಂಕ ಹಾಕುತ್ತಿದ್ದರು. ಅವರು ಕೇಳಿಸಿಕೊಳ್ಳಲಿ ಎಂದೇ ಕೈ ಎತ್ತಿದ್ದೆನಾ, ಹೌದು, ನೆಟ್ಟಗೆ ಅವರ ಬಳಿ ಹೋಗಬಹುದಿತ್ತಲ್ಲ, ಹೋಗಿದ್ದೆ ಒಮ್ಮೆ, ಬಾಗಿಲಲ್ಲಿ ರೋಗಿಗಳ ಹೆಸರು ಕೂಗುತ್ತಿದ್ದವಳು ನನ್ನದೇ ವಿದ್ಯಾರ್ಥಿನಿ, ಮೇಡಂ ಯಾರನ್ನಾದ್ರೂ ಕರ್ಕೊಂಡು ಬಂದ್ರಾ ಎಂದಳು, ಇಲ್ಲಮ್ಮ, ಸುಮ್ನೆ ಬಂದೆ ಎಂದು ಅಲ್ಲಿಂದಲೇ ತಿರುಗಿದೆ, ಗಂಡನಿಗೆ ಹೇಳಿದರೆ, ನೀನೇ ಡಾಕ್ಟ್ರು, ನಿಂಗೆ ನಾನೇನ್ ಹೇಳ್ಲಿ ಎಂದ, ಪಾಪ, ಅವನು ಹೆದರಿಕೊಂಡೇ ಹಾಗೆಂದದ್ದು.

ಹುಡುಗ ಗಂಟಲು ಸರಿಮಾಡಿಕೊಳ್ಳುತ್ತಾನೆ, ಕೊನೆಯ ಪ್ರಶ್ನೆ, ಸಾಯಬೇಕು ಅಂತ ಅನ್ಸಿದ್ಯಾ ಅಮ್ಮಾ, ಚೀಟಿಯಲ್ಲಿ ಇಲ್ಲ ಎಂದಿದೆ, ನಾಲಿಗೆಯ ಮೇಲೂ ಇಲ್ಲ ಎಂದೇ ಇತ್ತು, ಹೌದು ಅಂದೆ, ದಿನಾ ಅನ್ಸುತ್ತೆ. ಅವನು ಬಾಯಿಪಾಠ ಮಾಡಿದ್ದು ಅಲ್ಲಿಗೆ ಮುಗಿದಿತ್ತು, ಡಬ್ಬಿಯನ್ನೇ ಇನ್ನೊಂದಿಷ್ಟು ನನ್ನ ಕಡೆ ತಳ್ಳಿದ, ಮೂಲೆಯಲ್ಲಿ ಪೆನ್ನು ನಿಂತಿತು, ಮನೋವೈದ್ಯರು ತಲೆ ಎತ್ತಿದರು, ಕನ್ನಡಕ ತೆಗೆದರು, ನನ್ನನ್ನೇ ನೋಡಿದರು, ಕೇಳಿ, ಈಗ ಕೇಳಿ — ಮೇಡಂ, ಅಲ್ಲಿ ಇಲ್ಲ ಅಂತ ಹೇಳ್ಬೇಕಿತ್ತು, ಹುಡುಗರು ಗಾಬರಿ ಆಗ್ತಾರೆ, ಆದ್ರೂ ಏನ್ ನಟನೆ ರೀ ನಿಮ್ದು, ಒಂದು ಕ್ಷಣ ನಾನೇ ನಂಬಿಬಿಟ್ಟೆ.

ಗಂಟೆ ಹೊಡೆಯಿತು, ಹುಡುಗ ಬದುಕಿದೆಯಾ ಬಡಜೀವವೇ ಎಂದು ಎದ್ದು ಓಡಿದ, ನಾನು ನಕ್ಕೆ, ನಕ್ಕೇ ಬಿಟ್ಟೆ, ಮುಂದಿನವಳು ಬಂದು ಕೂತಳು, ನಮಸ್ತೆ ಅಮ್ಮಾ, ಏನ್ ತೊಂದ್ರೆ ಹೇಳಿ, ಏನು ಹೇಳಬೇಕು, ಚೀಟಿ ಎಲ್ಲಿ, ಕಣ್ಣು ಯಾಕೆ ಒದ್ದೆಯಾಗಿದೆ, ಅಯ್ಯೋ ಅಳ್ಬೇಡಿ ಎಂದು ಅವಳು ತಳ್ಳುತ್ತಾಳೆ, ನಾನು ಕೈ ಹಾಕುತ್ತೇನೆ, ಡಬ್ಬಿಯೊಳಗೆ ಬೆರಳು, ತಳಕ್ಕೆ ತಾಗಿದ ಬೆರಳು, ರಟ್ಟು, ಬರೀ ರಟ್ಟು