ಅಕ್ಕನ ನಾನೂರು ವಾಕ್ಯಗಳು

ಅಕ್ಕನ ಧ್ವನಿಪೆಟ್ಟಿಗೆಯನ್ನು ಗುರುವಾರ ತೆಗೆದರು. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ, ಅದೇ ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳ ತಮ್ಮ ಆ ಧ್ವನಿಯನ್ನು ಯಂತ್ರದ ಬಾಯಿಂದ ಮತ್ತೆ ಹೊರಡಿಸುವ ಕೆಲಸಕ್ಕೆ ಕೈ ಹಾಕಿದ. ಕೂರುವ ಮೊದಲು, ಅಭ್ಯಾಸದಂತೆ, ಒಂದು ಗಳಿಗೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈ ಮುಗಿದ.

ಗಂಟಲಿನಲ್ಲಿ ಗೆಡ್ಡೆ ಇರುವುದು ಗೊತ್ತಾದ ದಿನವೇ ಡಾಕ್ಟರು ಹೇಳಿಬಿಟ್ಟಿದ್ದರು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಎಂದು. ಆಸ್ಪತ್ರೆಯಲ್ಲಿ ಆಗಷ್ಟೇ ಹೊಸದೊಂದು ಏರ್ಪಾಡು ಸಿದ್ಧವಾಗುತ್ತಿತ್ತು. ಮಾತು ಕಳೆದುಕೊಳ್ಳಲಿರುವವರು ಮೊದಲೇ ನಾನೂರು ವಾಕ್ಯ ಓದಿ ಕೊಟ್ಟರೆ, ಆಮೇಲೆ ಅವರು ಬರೆದದ್ದನ್ನೆಲ್ಲ ಯಂತ್ರ ಅವರದೇ ಧ್ವನಿಯಲ್ಲಿ ಹೇಳುತ್ತದೆ. ಆ ಏರ್ಪಾಡನ್ನು ಕಟ್ಟಿದವನು ತಮ್ಮ. ಮೊದಲ ಹೆಸರು ಅಕ್ಕನದೇ ಇರಲಿ ಎಂದು ಹಟ ಹಿಡಿದವನೂ ಅವನೇ.

ಅಕ್ಕ ಹನ್ನೊಂದು ದಿನ ಬಂದು ಓದಿದಳು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು. ಗೆಡ್ಡೆ ಕೂತಿದ್ದರೂ ಕೊನೆಯ ಬೆಂಚಿನವರೆಗೆ ಮುಟ್ಟುವಂತಿತ್ತು.

"'ದಯವಿಟ್ಟು ಕಿಟಕಿಯನ್ನು ಮುಚ್ಚುವಿರಾ?' ಇದನ್ನ ಯಾರು ಬರೆದಿದ್ದೋ? ಹುಟ್ಟಿದಾಗಿಂದ ನಾನು ಯಾರಿಗೂ ಹೀಗೆ ಹೇಳಿಲ್ಲ."

"ಎಲ್ಲಾ ಅಕ್ಷರದ ಸದ್ದೂ ಬರ್ಬೇಕಲ್ಲಕ್ಕ. ಸುಮ್ನೆ ಓದು."

"ನಾಳೆ ನಿಮ್ಮ ಭಾವ ಏಳದೆ ಬಿದ್ಕೊಂಡ್ರೆ, ನಿನ್ನ ಯಂತ್ರ 'ದಯವಿಟ್ಟು ಏಳುವಿರಾ' ಅನ್ನುತ್ತಾ? ಹೆದರಿ ಮನೆ ಬಿಟ್ಟು ಓಡಿಹೋಗ್ತಾರೆ."

ಕೊನೆಯ ದಿನ ವಾಕ್ಯಗಳೆಲ್ಲ ಮುಗಿದ ಮೇಲೆ, ಬೆಳಗ್ಗೆ ಎದ್ದ ಕೂಡಲೇ ಹೇಳಿಕೊಳ್ಳುವ ಪ್ರಾರ್ಥನೆಯನ್ನೂ ಮೈಕಿನ ಮುಂದೆ ಹೇಳಿದಳು. "ಇದು ನಿನ್ನ ಪಟ್ಟೀಲಿಲ್ಲ, ಆದ್ರೂ ಇಟ್ಕೋ. ಡಬ್ಬಿ ಮುಚ್ಚಳ ಭದ್ರ ಇದೆ ತಾನೆ?"

ಡಬ್ಬಿ ಎಂದು ಅವಳು ಕರೆದದ್ದು ಕಂಟೇನರನ್ನು. ಕಂಪ್ಯೂಟರಿನೊಳಗೇ ಬೇರೆ ಮಾಡಿಟ್ಟ ಒಂದು ಜಾಗ ಅದು, ತಮ್ಮನ ಪ್ರೋಗ್ರಾಂ ಓಡುವುದು ಅದರೊಳಗೆ. ಅದನ್ನು ತೆಗೆದು ಹೊಸದು ಹೂಡಿದರೆ ಹಳೆಯದರೊಳಗೆ ಬರೆದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಹೊರಗಿನ ಡಿಸ್ಕಿನ ಒಂದು ಫೋಲ್ಡರನ್ನು ಒಳಗೆ ಮೌಂಟ್ ಮಾಡುತ್ತಾರೆ, ಅಂದರೆ ಒಳಗಿನಿಂದಲೇ ಕಾಣುವಂತೆ ಜೋಡಿಸುತ್ತಾರೆ, ಬಾಡಿಗೆ ಮನೆ ಬದಲಿಸುತ್ತಲೇ ಇರುವವನು ತನ್ನ ಪೆಟ್ಟಿಗೆಯನ್ನು ಅಣ್ಣನ ಮನೆಯಲ್ಲಿಟ್ಟ ಹಾಗೆ. ಇನ್ನೊಂದು ಬಗೆಯ ಮೌಂಟ್ ಇದೆ, ಟಿಎಂಪಿಎಫ್‌ಎಸ್ ಎಂದು. ನೋಡಲು ಅದೂ ಫೋಲ್ಡರೇ. ಆದರೆ ಇರುವುದು ಮೆಮೊರಿಯಲ್ಲಿ. ಕಂಟೇನರ್ ನಿಂತಿತೋ, ನೀರ ಮೇಲಿನ ಬರಹ.

ಆ ಸೋಮವಾರ, ಧ್ವನಿ ಕಟ್ಟುವ ಪ್ರೋಗ್ರಾಂನ ಹೊಸ ಆವೃತ್ತಿಗಾಗಿ ಅವನು ಹಳೆಯ ಕಂಟೇನರನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಿದ. ಮೂರು ಸೆಕೆಂಡಿನ ಕೆಲಸ. ವಾಕ್ಯಗಳ ಫೋಲ್ಡರ್ ತೆರೆದ. ಬರಿದಾಗಿತ್ತು.

ಎರಡನೇ ಸಲ ತೆರೆದ. ಬರಿದೇ.

ಸೆಟ್ಟಿಂಗಿನ ಫೈಲನ್ನು ಮೇಲಿಂದ ಓದುತ್ತ ಬಂದ. ಡಿಸ್ಕಿನ ಮೌಂಟ್ ಸರಿಯಾಗಿಯೇ ಇತ್ತು. ಅದರ ನಲವತ್ತು ಸಾಲು ಕೆಳಗೆ, ಅದೇ ಫೋಲ್ಡರಿನ ಮೇಲೆ ಟಿಎಂಪಿಎಫ್‌ಎಸ್ ಹಾಸಿದ ಒಂದು ಸಾಲು. ಬರೆದವನು ಅವನೇ. ಪ್ರಯೋಗದ ದಿನಗಳಲ್ಲಿ ತನ್ನದೇ ಧ್ವನಿ ಮತ್ತೆ ಮತ್ತೆ ರೆಕಾರ್ಡಾಗುತ್ತಿತ್ತು. ತನ್ನ ಧ್ವನಿ ಕೇಳಿದರೆ ಅವನಿಗೆ ನಾಚಿಕೆ. ಪ್ರತಿ ಸಲ ತಾನಾಗಿ ಅಳಿಸಿಹೋಗಲಿ ಎಂದು ಹಾಗೆ ಹಾಕಿದ್ದ. ಅಕ್ಕ ಓದಲು ಶುರು ಮಾಡುವ ಮುಂಚೆ ತೆಗೆಯಬೇಕಿತ್ತು.

ಹನ್ನೊಂದು ದಿನವೂ ಅವನು ಕಂಟೇನರಿನ ಒಳಗಿನಿಂದಲೇ ಎಣಿಸಿ, ಕೇಳಿ, ಎಲ್ಲ ಇದೆಯೆಂದು ಸಮಾಧಾನಪಟ್ಟುಕೊಂಡಿದ್ದ. ಬ್ಯಾಕಪ್ ನಕಲು ಮಾಡುತ್ತಿದ್ದದ್ದು ಹೊರಗಿನ ಡಿಸ್ಕನ್ನು. ಅಲ್ಲಿದ್ದಷ್ಟನ್ನೇ ನಿಷ್ಠೆಯಿಂದ ನಕಲು ಮಾಡಿ, ದಿನವೂ ಹಸಿರು ಗುರುತು ತೋರಿಸಿತ್ತು.

ಆ ಸಾಲನ್ನು ಅಳಿಸಿ ಮತ್ತೆ ಶುರು ಮಾಡಿದ. ಹೊದಿಕೆ ಸರಿದ ಮೇಲೆ ಅಡಿಯಲ್ಲಿ ಒಂದೇ ಒಂದು ಫೈಲ್ ಕಂಡಿತು. ಎಲ್ಲಕ್ಕೂ ಮೊದಲು, ಆ ಸಾಲು ಬರೆಯುವುದಕ್ಕೂ ಮುಂಚೆ, ಮೈಕ್ ಜೋಡಿಸಿದ ದಿನದ್ದು. ಅದರಲ್ಲಿದ್ದದ್ದು ಅವನ ಧ್ವನಿ.

ಎದುರು ಮೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹಿರಿಯ ಕೂತಿದ್ದ. ಎಲ್ಲರ ಬಾಯಲ್ಲೂ ಅವನು ತಂತಿಯಣ್ಣ.

"ಮೆಮೊರಿಯಿಂದ ಏನಾದ್ರೂ ಎತ್ತೋಕಾಗುತ್ತಾ, ಅಣ್ಣ?"

ತಂತಿಯಣ್ಣ ಬಂದು ನೋಡಿದ. ಸದಾ ಏನಾದರೂ ಕೀಟಲೆ ಮಾಡುವವನು, ಈ ಸಲ ಪರದೆಗೆ ಬಾಗಿ ಫೋಲ್ಡರನ್ನು ತಾನೇ ಒಮ್ಮೆ ತೆರೆದ. "ಬಸ್ಸಲ್ಲಿ ಎದ್ದುಹೋದವನ ಸೀಟು ಕಣಪ್ಪ ಅದು. ಅಷ್ಟರಲ್ಲಿ ಇನ್ನೊಬ್ಬ ಕೂತಾಗಿರುತ್ತೆ." ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟ. "ಮೇಲೆ ಹೋಗಿ ಹೇಳಿಬಿಡು. ಬೇರೆಯವರ ಬಾಯಿಂದ ಗೊತ್ತಾಗ್ಬಾರ್ದು."

ಮನೆಯ ಹಳೆಯ ವಿಡಿಯೊಗಳಲ್ಲಿ ಅಲ್ಲೊಂದು ಇಲ್ಲೊಂದು ಕೂಗು ಸಿಕ್ಕೀತು. ಯಂತ್ರಕ್ಕೆ ಅದು ಸಾಲದು. ಮೆಟ್ಟಿಲು ಹತ್ತುವಾಗ ದೇವರನ್ನು ಏನು ಕೇಳಿಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಹೋದದ್ದನ್ನು ಕೊಡು ಎನ್ನಲು ಬಾಯಿ ಬರಲಿಲ್ಲ. ಹೇಳುವಷ್ಟು ಬಲ ಕೊಡು ಎಂದ.

ಅಕ್ಕ ದಿಂಬಿಗೆ ಒರಗಿದ್ದಳು, ಕೊರಳಿಗೆ ಪಟ್ಟಿ, ಮಡಿಲಲ್ಲಿ ಸ್ಲೇಟು. ಪಕ್ಕದಲ್ಲಿ ಭಾವ. ತಮ್ಮನನ್ನು ಕಂಡದ್ದೇ ಬಳಪ ಎತ್ತಿಕೊಂಡಳು: "ಮಾತಾಡ್ತಾ ನಿನ್ನ ಡಬ್ಬಿ?"

"ಹೋಯ್ತು ಅಕ್ಕ. ಎಲ್ಲಾ ಹೋಯ್ತು. ನಾನೇ ಕಳೆದೆ."

"ಕಾಪಿ ಇರುತ್ತಲ್ಲೋ, ಅದರಲ್ಲಿ ನೋಡು," ಎಂದರು ಭಾವ.

"ಕಾಪೀಲೂ ಇಲ್ಲ ಭಾವ."

ಅಕ್ಕ ಸ್ಲೇಟು ಒರೆಸಿದಳು. "ಪ್ರಾರ್ಥನೇನೂ?"

ಅವನು ಹೌದೆಂದು ತಲೆಯಾಡಿಸಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬೈಯಲಾದರೂ ಗಂಟಲಿದ್ದಿದ್ದರೆ ಎಂದು ಅವನಿಗನ್ನಿಸಿತು.

"ಒಂದೇ ಒಂದು ಫೈಲ್ ಉಳಿದಿದೆ. ಅದರಲ್ಲಿ ಇರೋದು ನಾನು."

ಕೇಳಿಸು ಎಂದು ಅವಳು ಕೈಸನ್ನೆ ಮಾಡಿದಳು. ಫೋನಿನಿಂದ ಅವನದೇ ಮೆಲುದನಿ ಬಂತು: "ಒಂದು, ಎರಡು, ಮೂರು. ಕೇಳಿಸ್ತಾ ಇದೆಯಾ?" ಉತ್ತರವಿಲ್ಲ. ನೆಲದ ಮೇಲೆ ಕುರ್ಚಿ ಎಳೆದ ಸದ್ದು. ಅಷ್ಟೇ.

ಅಕ್ಕ ಬೆರಳೆತ್ತಿದಳು. ಅವನು ಮತ್ತೆ ಹಾಕಿದ. ಕುರ್ಚಿಯ ಸದ್ದು ಬಂದಾಗ ಅವಳು ಬಳಪ ಹಿಡಿದಳು.

"ಅದು ನಾನು. ರೂಮು ನೋಡೋಕೆ ಬಂದಿದ್ದೆ. ನಿನ್ನ ಕೆಲಸ ಕೆಡಬಾರದು ಅಂತ ಮಾತಾಡಲಿಲ್ಲ."

ಅವನು ಮಂಚದ ಅಂಚಿನಲ್ಲಿ ಕೂತ. ಭಾವ ಆ ಸಾಲುಗಳನ್ನು ಓದಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಚೆನ್ನಾಗಿ ಕೇಳುವ ಕಿವಿಯನ್ನು ಫೋನಿನ ಹತ್ತಿರ ತಂದು, "ಇನ್ನೊಂದ್ಸಲ ಹಾಕೋ," ಎಂದರು.