ಕಣ್ಣಾರೆ ನೋಡಿದ ತೀರ್ಪುಗಾರ

ರಾಷ್ಟ್ರೀಯ ಚೆಸ್ ಪಂದ್ಯಾವಳಿಗೆ ಇನ್ನು ಒಂದು ವಾರ ಉಳಿದಿದ್ದಾಗ ಆ ಕ್ಲಬ್ಬಿನಲ್ಲಿ ಒಬ್ಬರ ತಲೆಯೂ ನೆಟ್ಟಗಿರಲಿಲ್ಲ. ಆಯ್ಕೆಯಾದವರು ನಾಲ್ಕು ಜನ, ನಿದ್ದೆಗೆಟ್ಟವರು ನಲವತ್ತು ಜನ. ಬ್ಯಾಂಕಿನ ಕ್ಯಾಶಿಯರು ಕೌಂಟರಿನಲ್ಲಿ ಕೂತೇ ಮನಸ್ಸಿನಲ್ಲಿ ಆನೆ ಕುದುರೆ ಓಡಿಸುತ್ತಾ ಒಬ್ಬರ ಪಾಸ್‌ಬುಕ್ಕನ್ನು ಇನ್ನೊಬ್ಬರ ಕೈಗೆ ಕೊಟ್ಟು ಬೈಸಿಕೊಂಡರು. ಲೆಕ್ಕದ ಮೇಷ್ಟ್ರು ಪಾಠದ ನಡುವೆ ಬೋರ್ಡಿಗೆ ಮುಖ ಮಾಡಿ ಐದು ನಿಮಿಷ ಸುಮ್ಮನೆ ನಿಂತುಬಿಟ್ಟರಂತೆ, ಮಕ್ಕಳು ಹೆದರಿ ಹೆಡ್‌ಮಾಸ್ಟರನ್ನು ಕರೆತಂದರಂತೆ. ಆಸ್ಪತ್ರೆಯ ಕಾಂಪೌಂಡರು ಮೊದಲ ಸುತ್ತಿನಲ್ಲಿ ತನಗೆ ಯಾರು ಗಂಟುಬೀಳಬಹುದು ಎಂದು ಔಷಧಿ ಚೀಟಿಗಳ ಹಿಂಬದಿಯಲ್ಲಿ ಬರೆದದ್ದೇ ಬರೆದದ್ದು. ನಾಲ್ಕನೆಯವಳು ಫೋಟೋ ಸ್ಟುಡಿಯೋದವರ ಮಗಳು. ಅವಳು ಹತ್ತು ಬೆರಳಿನ ಉಗುರನ್ನೂ ಕಚ್ಚಿ ಮುಗಿಸಿದ್ದಳು.

ನಾಲ್ವರಿಗೂ ಒಂದೇ ಬಣ್ಣದ ಕೋಟು ಆಗಬೇಕು ಎಂದು ಕ್ಲಬ್ಬಿನ ಅಧ್ಯಕ್ಷರು ಅಪ್ಪಣೆ ಮಾಡಿದರು. ಹೊಲಿಯುವ ಕೆಲಸ ಬಿದ್ದದ್ದು ಬಸ್ ನಿಲ್ದಾಣದ ಹಿಂದಿನ ಬೀದಿಯ ದರ್ಜಿಯ ಕೊರಳಿಗೆ. ಅವನು ಬರೀ ದರ್ಜಿಯಲ್ಲ, ಕ್ಲಬ್ಬಿನ ತೀರ್ಪುಗಾರ ಕೂಡ. ಹನ್ನೊಂದು ವರ್ಷದ ಹಿಂದೆ ಪರೀಕ್ಷೆ ಕಟ್ಟಿ ಪಾಸಾಗಿದ್ದ, ಆ ಸರ್ಟಿಫಿಕೇಟು ಹೊಲಿಗೆ ಮಷಿನ್ನಿನ ಮೇಲಿನ ಗೋಡೆಯಲ್ಲಿ ನೇತಾಡುತ್ತಿತ್ತು. ನಾಲ್ಕೂ ಕೋಟಿಗೆ ಕಾಜಾ ಹೊಲಿದು ಗುಂಡಿ ಹಾಕುವವಳು ಅವನ ಮಗಳು. ನಾಲ್ಕನೆಯ ಕೋಟು ಅವಳ ಮೈಮೇಲೆ ಇರಬೇಕಾಗಿತ್ತು ಕಣ್ರೀ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಕೂತರೆ ನನಗೇ ಸಿಟ್ಟು ತಡೆಯುವುದಿಲ್ಲ.

ಮಗಳಿಗೆ ಇಪ್ಪತ್ತಾರು. ಹಿಂದೆ ಐದು ಸಲ ಆಯ್ಕೆ ಪಂದ್ಯ ಆಡಿ, ಐದು ಸಲವೂ ಐದನೆಯವಳೋ ಆರನೆಯವಳೋ ಆಗಿ ಹೊಸ್ತಿಲಲ್ಲೇ ನಿಂತವಳು. "ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ಸಾಕು, ಮತ್ತೆ ಆಡಲ್ಲ" ಎಂದು ಮನೆಯಲ್ಲಿ ಹೇಳಿಯೇ ಹೋಗಿದ್ದಳು. ಕೊನೆಯ ಆಟ ಅವಳಿಗೂ ಸ್ಟುಡಿಯೋ ಹುಡುಗಿಗೂ ಬಿತ್ತು. ಗೆದ್ದವರಿಗೆ ನಾಲ್ಕನೆಯ ಜಾಗ. ಆಟ ಮಗಳ ಮುಷ್ಟಿಯಲ್ಲೇ ಇತ್ತು. ಅವಳು ಕೈ ಚಾಚಿ ಆನೆಯನ್ನೆತ್ತಿ ಮುಂದಿಟ್ಟಳು. ಸ್ಟುಡಿಯೋ ಹುಡುಗಿ ತಟ್ಟನೆ ಗಡಿಯಾರ ನಿಲ್ಲಿಸಿ ಎದ್ದು ನಿಂತಳು. "ಮೊದ್ಲು ಕುದುರೆ ಮುಟ್ಟಿದ್ರು. ಮುಟ್ಟಿದ ಕಾಯೇ ನಡೆಸ್ಬೇಕು!"

ಆ ಕುದುರೆ ಆನೆಯ ಪಕ್ಕದಲ್ಲೇ ಇತ್ತು, ರಾಣಿಗೆ ಅಡ್ಡ ನಿಂತಿತ್ತು. ಅದು ಕದಲಿದರೆ ರಾಣಿ ಹೋದ ಹಾಗೆಯೇ. ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. "ಇಲ್ಲ, ನಾನು ಮುಟ್ಟಿಲ್ಲ" ಎಂದಳು ಮಗಳು. ಜನರೆಲ್ಲ ಕ್ಯಾಶಿಯರು ಮತ್ತು ಮೇಷ್ಟ್ರ ಆಟಕ್ಕೆ ಮುತ್ತಿಕೊಂಡಿದ್ದರು, ಈ ಕಡೆ ಯಾರೂ ನೋಡಿರಲಿಲ್ಲ. ಈಗ ಎಲ್ಲರೂ ತೀರ್ಪುಗಾರನ ಮುಖ ನೋಡಿದರು.

ಆ ಹೊತ್ತಿನಲ್ಲಿ ತೀರ್ಪುಗಾರ ಏನು ನೋಡುತ್ತಿದ್ದ ಗೊತ್ತೇ? ಕ್ಯಾಶಿಯರ ಕೋಟಿನ ಭುಜ! ಎದುರು ಬೀದಿಯ ಇನ್ನೊಬ್ಬ ದರ್ಜಿ ಹೊಲಿದ ಕೋಟದು. ತೋಳು ಕೂಡಿಸಿದ ಕಡೆ ನೆರಿಗೆ ಎದ್ದಿತ್ತು. ಎಂಥ ಒಳ್ಳೇ ಬಟ್ಟೆ ಹಾಳು ಮಾಡಿದ ನೋಡು ಎಂದು ಒಳಗೊಳಗೇ ಖುಷಿಪಡುತ್ತಿದ್ದ ಮಹಾನುಭಾವ. ನಿಯಮ ಅವನಿಗೆ ಬಾಯಿಪಾಠ. ತೀರ್ಪುಗಾರ ನೋಡಿಲ್ಲ, ಸಾಕ್ಷಿಯೂ ಇಲ್ಲ ಎಂದರೆ ದೂರು ಬಿದ್ದುಹೋಗುತ್ತದೆ, ಆಟ ಮುಂದುವರಿಯುತ್ತದೆ. 'ನಾನು ನೋಡಲಿಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ ಗೆಲ್ಲುವವಳು ಸ್ವಂತ ಮಗಳು. ಅಪ್ಪ ತೀರ್ಪುಗಾರ, ಮಗಳು ಆಟಗಾರ್ತಿ, ಇನ್ನು ಕೇಳಬೇಕೇ ಎಂದು ಹಿಂದಿನ ವರ್ಷವೇ ಯಾರೋ ಚುಚ್ಚಿದ್ದರು, ಆ ಮುಳ್ಳು ಇನ್ನೂ ಒಳಗೇ ಇತ್ತು. "ನಾನು ಕಣ್ಣಾರೆ ನೋಡಿದೆ. ಮುಟ್ಟಿದಳು" ಎಂದುಬಿಟ್ಟ.

ಮಗಳು ಒಂದು ಸಲ ಅಪ್ಪನ ಮುಖ ನೋಡಿದಳು. ಆನೆಯನ್ನು ಹಿಂದಕ್ಕಿಟ್ಟಳು, ಕುದುರೆ ನಡೆಸಿದಳು, ರಾಣಿಯನ್ನು ಕಳಕೊಂಡಳು, ಇನ್ನು ನಾಲ್ಕು ನಡೆಗೆ ಸೋತು ಆ ಹುಡುಗಿಯ ಕೈ ಕುಲುಕಿದಳು. ಚಪ್ಪಾಳೆ ಬಿದ್ದದ್ದು ಯಾರಿಗೆ? ಅಪ್ಪನಿಗೆ! ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ನ್ಯಾಯ ಅಂದರೆ ಇದು, ಈ ಮನುಷ್ಯನಿಗೆ ಸ್ವಂತ ಮಗಳೂ ಒಂದೇ, ಊರವರ ಮಗಳೂ ಒಂದೇ ಎಂದು ಭಾಷಣ ಬಿಗಿದರು. ಕೋಟಿನ ಕೆಲಸ ಸಿಕ್ಕಿದ್ದೂ ಆ ಹೆಸರಿನಿಂದಲೇ.

ಮನೆಯಲ್ಲಿ ಹೆಂಡತಿ ಮಾತ್ರ ಭಾಷಣಕ್ಕೆ ಮರುಳಾಗುವವಳಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ತಟ್ಟೆ ಕುಕ್ಕಿ ಒಳಗೆ ಹೋದಳು. ಅವಳ ಸಿಟ್ಟನ್ನಾದರೂ ಸಹಿಸಬಹುದಿತ್ತು. ಮಗಳದ್ದೇ ದೊಡ್ಡ ಕಷ್ಟ. ಅವಳು ಅಳಲಿಲ್ಲ, ಕೂಗಾಡಲಿಲ್ಲ, ಮಾರನೇ ದಿನ ಒಂಬತ್ತಕ್ಕೆ ಸರಿಯಾಗಿ ಅಂಗಡಿಗೆ ಬಂದು ಸೂಜಿಗೆ ದಾರ ಪೋಣಿಸಿದಳು. ಕೇಳಿದ್ದು ಒಂದೇ ಪ್ರಶ್ನೆ, ಅದೂ ದಿನಾ ಕೇಳಿದಳು. "ಅಪ್ಪಾ, ವರದಿ ಕೊಟ್ರಾ?"

ಆಯ್ಕೆ ಪಂದ್ಯದ ವರದಿಗೆ ತೀರ್ಪುಗಾರ ಸಹಿ ಹಾಕಿ ಕಳಿಸುವವರೆಗೆ ಪಟ್ಟಿ ಪಕ್ಕಾ ಅಲ್ಲ. ಶುಕ್ರವಾರ ಸಂಜೆ ಆರು ಗಂಟೆ ಕಡೆಯ ಗಡುವು. ಅಷ್ಟರೊಳಗೆ ಅವನು ನಿಜ ಬರೆದರೆ ಆ ಆಟ ರದ್ದಾಗಿ ಮತ್ತೆ ಆಡಿಸಬೇಕಾಗುತ್ತಿತ್ತು. ಅವನು ಬರೆಯಲೂ ಇಲ್ಲ, ಸಹಿ ಹಾಕಲೂ ಇಲ್ಲ. "ನಾಳೆ ಕೊಡ್ತೀನಿ ಕಣೇ" ಎನ್ನುತ್ತಲೇ ದಿನ ದೂಡಿದ. ವರದಿ ಗಲ್ಲಾಪೆಟ್ಟಿಗೆಯಲ್ಲಿ ಮಡಿಸಿದಂತೆಯೇ ಇತ್ತು.

ಶುಕ್ರವಾರ ಮಧ್ಯಾಹ್ನ ಸ್ಟುಡಿಯೋ ಹುಡುಗಿ ಟ್ರಯಲ್ ನೋಡಲು ಬಂದಳು. ಕಚ್ಚಾ ಹೊಲಿಗೆ ಹಾಕಿದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತವಳ ಬಾಯಿಗೆ ಬಿಡುವೇ ಇಲ್ಲ. "ಅಲ್ಲಿ ಇನ್ನೂರು ಬೋರ್ಡಂತೆ ಅಂಕಲ್, ಎಲ್ಲಾ ಒಂದೇ ಹಾಲಲ್ಲಂತೆ. ನಂಗೆ ಈಗ್ಲೇ ಭಯ ಆಗ್ತಿದೆ." ಆಮೇಲೆ ಮಗಳ ಕಡೆ ತಿರುಗಿ, "ಅಕ್ಕಾ, ನಾಳೆ ನನ್ ಜೊತೆ ಒಂದೆರಡು ಆಟ ಆಡ್ತೀರಾ? ನಿಮ್ಮಷ್ಟು ಗಟ್ಟಿಯಾಗಿ ಆಡೋರು ಇಲ್ಲಿ ಬೇರೆ ಯಾರಿದಾರೆ?" ಎಂದಳು.

ಮಗಳು ಕಾಜಾದಿಂದ ಕಣ್ಣೆತ್ತಲಿಲ್ಲ. "ಬಾ. ಆನೆನ ಮೂಲೇಲಿ ಕೂರಿಸಿ ಮರೆತೇಬಿಡ್ತೀಯ ನೀನು. ಅದೊಂದು ತಿದ್ಕೋ, ಇಲ್ದಿದ್ರೆ ಅಲ್ಲಿ ಮೂರು ದಿನಾನೂ ಉಳಿಯಲ್ಲ." ದಾರ ಮುಗಿಯಿತೆಂದು ಎದ್ದು ಪಕ್ಕದ ಅಂಗಡಿಗೆ ಹೋದಳು. ಅವಳ ದೊಡ್ಡತನ ಕಂಡು ದರ್ಜಿಗೆ ಸಂಕಟವಾಯಿತು.

ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅಂಕಲ್, ಒಂದ್ಮಾತು ಹೇಳ್ಲಾ? ಅವತ್ತು ನಂಗೂ ಗ್ಯಾರಂಟಿ ಇರ್ಲಿಲ್ಲ. ಅಕ್ಕನ ಬೆರಳು ಕುದುರೆ ಮೇಲೆ ಹಾದುಹೋಯ್ತು. ತಗುಲ್ತೋ ಇಲ್ವೋ ದೇವರಿಗೇ ಗೊತ್ತು. ಸೋಲ್ತಾ ಇದ್ನಲ್ಲ, ಆದದ್ದಾಗ್ಲಿ ಅಂತ ಹೇಳ್ಬಿಟ್ಟೆ. ನೀವು ನೋಡಿಲ್ಲ ಅಂದಿದ್ರೆ ನಾನೇ ಸಾರಿ ಕೇಳಿ ಕೂತ್ಕೋತಿದ್ದೆ. ನೀವು ಕಣ್ಣಾರೆ ನೋಡಿದೆ ಅಂದ್ರಲ್ಲ, ಆಗ ಮನಸ್ಸು ಹಗುರ ಆಯ್ತು. ಯಾರಾದ್ರೂ ಸ್ವಂತ ಮಗಳ ಮೇಲೇ ಸುಳ್ಳು ಹೇಳ್ತಾರಾ?"

ದರ್ಜಿಯ ತುಟಿಯ ನಡುವೆ ಗುಂಡುಸೂಜಿಗಳಿದ್ದವು. ಮಾತಾಡದಿರಲು ಅದೇ ನೆಪವಾಯಿತು. ಇಷ್ಟು ದಿನ ಅವನು ಒಂದೇ ಹಗ್ಗಕ್ಕೆ ಜೋತುಬಿದ್ದಿದ್ದ. ನಾನು ನೋಡದಿದ್ದರೇನು, ಆ ಹುಡುಗಿಯಾದರೂ ನೋಡಿಯೇ ಹೇಳಿರಬೇಕಲ್ಲ! ಈಗ ನೋಡಿದರೆ ಅವಳು ಇವನನ್ನು ನಂಬಿ ಕೂತಿದ್ದಳು, ಇವನು ಅವಳನ್ನು ನಂಬಿ ಕೂತಿದ್ದ, ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ.

ಐದು ಗಂಟೆಗೆ ವರದಿಯನ್ನು ಜೇಬಿಗಿಟ್ಟು ಎದ್ದ. ಮಗಳು ತಲೆಯೆತ್ತಿದಳು. "ವರದಿ ಕೊಡೋಕಾ?"

"ಹೂಂ."

"ನಡೆದದ್ದನ್ನೆಲ್ಲ ಬರೆದಿದೀರಾ?"

"ಅಲ್ಲೇ ಹೋಗಿ ಬರೀತೀನಿ."

ಮಗಳು ಸೂಜಿ ಕೆಳಗಿಟ್ಟು ಬಾಗಿಲವರೆಗೂ ಬಂದಳು. ಪಂದ್ಯ ಮುಗಿದ ಮೇಲೆ ಒಂದು ದಿನವೂ ಹಾಗೆ ಬಂದವಳಲ್ಲ. "ಹೋಗಿ ಬನ್ನಿ ಅಪ್ಪಾ" ಎಂದಳು. ಅವನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ನಾನು ನೋಡಿರಲಿಲ್ಲ, ತಪ್ಪಾಯಿತು, ಮತ್ತೆ ಆಡಿಸಿ, ನನ್ನ ಸರ್ಟಿಫಿಕೇಟು ಬೇಕಾದರೆ ಕಿತ್ತುಕೊಳ್ಳಿ. ನಾಲ್ಕು ಸಲ ಹೇಳಿಕೊಂಡ, ನಾಲ್ಕು ಸಲವೂ ಸರಿಯಾಗಿಯೇ ಬಂತು.

ಅಧ್ಯಕ್ಷರದ್ದು ಹಾರ್ಡ್‌ವೇರ್ ಅಂಗಡಿ. ಪೇಂಟಿನ ಡಬ್ಬಗಳ ನಡುವೆ ಕೂತು ಗಿರಾಕಿಗೆ ಮೊಳೆ ತೂಗಿಸುತ್ತಿದ್ದವರು ಅವನನ್ನು ಕಂಡದ್ದೇ ಎರಡೂ ಕೈ ಚಾಚಿದರು. "ಬನ್ನಿ ಬನ್ನಿ, ನೂರು ವರ್ಷ ಆಯಸ್ಸು ನಿಮಗೆ! ಈಗಷ್ಟೇ ಫೋನ್ ಬಂತು. ನಿಮ್ಮ ಮಗಳ ಆಟದ ಕಥೇನ ಮೇಲಿನವರಿಗೆ ಹೇಳಿದ್ದೆ. ರಾಷ್ಟ್ರೀಯ ಪಂದ್ಯಾವಳಿಗೆ ನಿಮ್ಮನ್ನೂ ತೀರ್ಪುಗಾರರಾಗಿ ಹಾಕಿದಾರೆ ಕಣ್ರೀ. ಇಂಥೋರೇ ಬೇಕು ಅಂದ್ರು."

ಹನ್ನೊಂದು ವರ್ಷದಿಂದ ಆ ಮಾತಿಗಾಗಿ ಕಾದಿದ್ದವನು. ಪ್ರತಿ ವರ್ಷ ಅರ್ಜಿ ಹಾಕಿ, ಪ್ರತಿ ವರ್ಷ ಸುಮ್ಮನಾದವನು. ಖುಷಿಯಾಯಿತೇ ಎಂದರೆ ಆಯಿತು, ನಾನ್ಯಾಕೆ ಮುಚ್ಚಿಡಲಿ? ಬೆನ್ನು ತಾನಾಗಿ ನೆಟ್ಟಗಾಯಿತು. ಆಮೇಲೆ ಬಂದ ಕೆಲಸ ನೆನಪಾಯಿತು. "ಆ ಆಟದ ವಿಷ್ಯ ಒಂಚೂರು..." ಎಂದು ಶುರುಮಾಡಿದ.

"ಆ ಆಟದ ವಿಷ್ಯ ಊರಿಗೆಲ್ಲ ಗೊತ್ತಲ್ಲ! ಸಹಿ ಹಾಕಿ ಹಾಕಿ, ಹೊತ್ತಾಯ್ತು" ಎಂದು ಅಧ್ಯಕ್ಷರು ಪೆನ್ನು ಕೈಗಿತ್ತರು.

ದಾರಿಯಲ್ಲಿ ನಾಲ್ಕು ಸಲ ಬಂದ ಮಾತು ಅವನಿಗೆ ಐದನೆಯ ಸಲ ಬರಲಿಲ್ಲ. 'ತೀರ್ಪುಗಾರರು ಖುದ್ದಾಗಿ ನೋಡಿದ್ದಾರೆ' ಎಂದು ದುಂಡಗೆ ಬರೆದು ಸಹಿ ಹಾಕಿದ. ಅಧ್ಯಕ್ಷರು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ, "ಹೋಯ್ತು ನೋಡಿ" ಎಂದರು. ಆಗ ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಅಂಗಡಿಗೆ ಬಂದಾಗ ಮಗಳು ಮೇಷ್ಟ್ರ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು. "ಕೊಟ್ರಾ?" ಎಂದು ಕೇಳಿದವಳ ಮುಖದಲ್ಲಿ ಎಷ್ಟೋ ದಿನಕ್ಕೆ ಕಳೆ ಬಂದಿತ್ತು.

"ಕೊಟ್ಟೆ."

"ಏನಂತ ಬರೆದ್ರಿ?"

ಅವನು ಕತ್ತರಿಯನ್ನು ಆ ಕಡೆಯಿಂದ ಈ ಕಡೆಗಿಟ್ಟ. "ನನ್ನನ್ನೂ ಹಾಕಿದಾರಂತೆ. ಅಲ್ಲಿ, ತೀರ್ಪುಗಾರ ಅಂತ" ಎಂದ.

ಮಗಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಸ್ವಿಚ್ಚು ಆರಿಸಿದಳು. ಆಮೇಲೆ ಅಳತೆ ಟೇಪು ತೆಗೆದುಕೊಂಡಳು. "ಹಾಗಾದ್ರೆ ನಿಮಗೂ ಒಂದು ಕೋಟು ಬೇಕಲ್ಲ. ಬನ್ನಿ, ನೆಟ್ಟಗೆ ನಿಂತ್ಕೊಳ್ಳಿ."

ಭುಜದ ಅಳತೆ ತೆಗೆದಳು, ತೋಳಿನದ್ದು ತೆಗೆದಳು, ಪುಸ್ತಕದಲ್ಲಿ ಬರೆದುಕೊಂಡಳು. ಅವನಿಗೆ ತಡೆಯಲಾಗಲಿಲ್ಲ. "ನಿಂಗೆ ಗೊತ್ತಿತ್ತಾ?"

"ಆನೆ ಎತ್ತೋ ಮುಂಚೆ ನಿಮ್ಮ ಕಡೆ ನೋಡಿದ್ದೆ. ನೀವು ಈ ಕಡೆ ತಿರುಗೇ ಇರ್ಲಿಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ತಾಯಿ?"

"ಅಷ್ಟು ಜನರ ಮುಂದೆ ನಮ್ಮಪ್ಪ ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳ್ಬೇಕಿತ್ತಾ? ನೀವೇ ಹೇಳ್ತೀರಿ ಅಂದ್ಕೊಂಡೆ. ಇವತ್ತಲ್ಲ ನಾಳೆ ಹೇಳ್ತಾರೆ, ನಮ್ಮಪ್ಪ ತಾನೇ ಅಂತ ಹನ್ನೆರಡು ದಿನ ಕಾದೆ."

ಅವನ ಕಣ್ಣಲ್ಲಿ ನೀರಾಡಿತು. "ಈಗ್ಲೇ ಹೋಗಿ ಹೇಳ್ಬರ್ತೀನಿ. ನಂಗೆ ಆ ಪಂದ್ಯಾನೂ ಬೇಡ, ಕೋಟೂ ಬೇಡ, ನಾನು ಹೋಗಲ್ಲ" ಎಂದ. ಗೋಡೆಯ ಗಡಿಯಾರದಲ್ಲಿ ಆರೂಕಾಲು.

"ಕೈ ಅಲ್ಲಾಡಿಸ್ಬೇಡಿ, ಅಳತೆ ತಪ್ಪುತ್ತೆ" ಎಂದಳು ಮಗಳು. ಎದೆಯ ಸುತ್ತ ಟೇಪು ತಂದು ಅಂಕಿ ನೋಡಿದಳು. "ಯಾಕೆ ಹೋಗಲ್ಲ? ಹೋಗಿ. ಅಲ್ಲಿ ಆಡೋರೆಲ್ಲ ಬೇರೆಯವರ ಮಕ್ಕಳು ಅಪ್ಪಾ. ನೋಡದಿದ್ರೆ ನೋಡಿಲ್ಲ ಅಂತ ಹೇಳೋಕೆ ನಿಮಗೇನೂ ಕಷ್ಟ ಆಗಲ್ಲ."