ಕುರ್ಚಿಯಣ್ಣನಿಗೆ ಕಂಡ ದೇವರ ಚಿತ್ತ

ಪ್ರಾರ್ಥನಾ ಕೂಟದಲ್ಲಿ ಕರ್ತನು ಯಾರಿಗೆ ಯಾವಾಗ ಏನು ತೋರಿಸಿಕೊಡುತ್ತಾನೆ ಎಂದು ಹೇಳಲು ಬರುವುದಿಲ್ಲ. ಒಬ್ಬರಿಗೆ ಮನೆ ಬದಲಾಯಿಸು ಎಂದಿರುತ್ತಾನೆ, ಇನ್ನೊಬ್ಬರಿಗೆ ಮಾತು ಬಿಟ್ಟ ತಮ್ಮನ ಹತ್ತಿರ ಹೋಗಿ ಸರಿಮಾಡಿಕೋ ಎಂದಿರುತ್ತಾನೆ. ಅಂಥ ಸಾಕ್ಷಿಗಳನ್ನು ಕೇಳಿ ಕೇಳಿ ಹಲ್ಲಕ್ಕನಿಗೆ ರೂಢಿಯಾಗಿತ್ತು. ಆದರೆ ಆ ಶುಕ್ರವಾರ ಸಂಜೆ ಕುರ್ಚಿಯಣ್ಣ ಎದ್ದು ನಿಂತು ಕಣ್ಣು ಮುಚ್ಚಿಕೊಂಡು, "ನನ್ನ ಎರಡನೇ ಮದುವೆ ವಿಷಯವಾಗಿ ಬಹಳ ದಿನದಿಂದ ಪ್ರಾರ್ಥನೆ ಮಾಡ್ತಿದ್ದೆ. ಕರ್ತನು ಉತ್ತರ ಕೊಟ್ಟಿದ್ದಾನೆ. ಆ ಸಹೋದರಿ ಈ ಕೋಣೆಯಲ್ಲೇ ಇದ್ದಾರೆ" ಎಂದರು. ಆಮೇಲೆ ಕಣ್ಣು ಬಿಟ್ಟರು. ಆ ಕಣ್ಣು ನೇರ ಬಂದು ಕೂತದ್ದು ಹಲ್ಲಕ್ಕನ ಮೇಲೆ.

ಕೋಣೆಗೆ ಕೋಣೆಯೇ "ಆಮೆನ್" ಎಂದಿತು. ಪಕ್ಕದಲ್ಲಿದ್ದ ಅತ್ತಿಗೆಯ "ಸ್ತೋತ್ರ" ಎಲ್ಲರದಕ್ಕಿಂತ ಒಂದು ಕೈ ಜೋರಾಗಿತ್ತು. ಯಾರೋ ಹಿಂದಿನಿಂದ ಅವಳ ಬೆನ್ನು ಸವರಿದರು. ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು ತಾಯಿಯಿಂದ ತಿವಿಸಿಕೊಂಡಳು. ಹಲ್ಲಕ್ಕನ ಕಿವಿ ಬಿಸಿಯಾಯಿತು. ಸಂತೆಯಲ್ಲಿ ಸೀರೆ ಜಾರಿದವಳಂತೆ ಕೂತಿದ್ದಳು. ಅಲ್ಲಿಯತನಕ ಅವಳ ಮನಸ್ಸಿನಲ್ಲಿ ಕುರ್ಚಿಯಣ್ಣ 'ಅವರು' ಆಗಿದ್ದರು. ಆ ಗಳಿಗೆಯಿಂದ 'ಅವನು' ಆದ.

ಹಲ್ಲಕ್ಕ ಎಂದರೆ ಹಲ್ಲಿನ ಅಕ್ಕ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳ ಕೆಲಸ. ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದ ವಸಡು ಕಟ್ಟಿ, ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುವವರೆಗೆ ಎಲ್ಲ ಅವಳ ಕೈಯಲ್ಲೇ. ಬೀದಿಯ ಮಕ್ಕಳು ಹಲ್ಲಕ್ಕನನ್ನು 'ಹಲ್ಲಿ ಅಕ್ಕ' ಮಾಡಿದ್ದರು. ಅವಳು ಲೊಚ್ ಎಂದು ನಾಲಿಗೆ ಹೊಡೆದು ಅವರನ್ನು ಓಡಿಸುತ್ತಿದ್ದಳು. ಅಪ್ಪ ಅಮ್ಮ ತೀರಿಹೋದ ಮೇಲೆ ಬಸ್ ಡ್ರೈವರ್ ಆಗಿದ್ದ ಅಣ್ಣನ ಮನೆಯಲ್ಲಿ, ಅಡುಗೆಮನೆ ಪಕ್ಕದ ಕಿರುಕೋಣೆಯಲ್ಲಿ ಇದ್ದಳು. ಮದುವೆಯ ಮಾತು ಎರಡು ಸಲ ಬಂದು ಮುರಿದಿತ್ತು. ಆಮೇಲೆ ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಕುರ್ಚಿಯಣ್ಣ ಹೆಂಡತಿ ಸತ್ತವನು. ಲ್ಯಾಬಿನ ಹಿಂದಿನ ಬೀದಿಯಲ್ಲಿ ಅವನ ಕುರ್ಚಿ ಮೇಜುಗಳ ಅಂಗಡಿ. ಕೂಟದಲ್ಲಿ ಅವನ ಪ್ರಾರ್ಥನೆಗೆ ಬಹಳ ತೂಕ. ಅವನು ಮಂಡಿಯೂರಿದರೆ ಮೇಲಿನಿಂದ ಏನೋ ಬಂದೇ ಬರುತ್ತದೆ ಎಂದು ಜನ ನಂಬಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಜಗಳ ಹತ್ತಿಕೊಂಡಿತು.

"ನಂಗೆ ಬೇಡ," ಎಂದಳು ಹಲ್ಲಕ್ಕ.

"ಏನು ಬೇಡ? ದೇವರೇ ತೋರಿಸಿದ ಮೇಲೆ ಬೇಡ ಅನ್ನೋಕೆ ನೀನ್ಯಾರೇ?" ಎಂದ ಅಣ್ಣ.

"ದೇವರಿಗೆ ನನ್ನ ವಿಳಾಸ ಗೊತ್ತಿಲ್ವಾ? ಕುರ್ಚಿ ಅಂಗಡಿವರೆಗೆ ಬಂದವನು ಒಂದು ಬೀದಿ ದಾಟಿ ನನಗೂ ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡ!"

ಅತ್ತಿಗೆ ತಲೆಗೆ ಹಾಕಿಕೊಂಡಿದ್ದ ಬಟ್ಟೆ ಮಡಚುತ್ತಾ, "ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನಿನಗೆ ಹಲ್ಲು ಕಡಲೆ ಎರಡೂ ಕೊಟ್ಟಿದ್ದಾನೆ ಕರ್ತ, ಅಗಿಯೋಕೆ ಸೋಮಾರಿತನ," ಎಂದಳು.

"ಅತ್ತಿಗೆ, ನಿಮ್ಮ ಅಮ್ಮನ್ನ ಕರ್ಕೊಂಡು ಬರೋಕೆ ನನ್ನ ರೂಮು ಬೇಕು. ಅದನ್ನ ಹಾಗೇ ಕೇಳಿ, ಕೊಡ್ತೀನಿ. ಅದಕ್ಕೆ ಕರ್ತನ್ನ ಯಾಕೆ ಎಳೀತೀರಾ?"

ಅತ್ತಿಗೆಯ ಮುಖ ಸುಣ್ಣವಾಯಿತು. ಅಣ್ಣ ಕೈ ಎತ್ತಿದವನು ಗೋಡೆಗೆ ಗುದ್ದಿ ಕೆಳಗಿಳಿಸಿದ. "ಅಪ್ಪ ಸಾಯೋವಾಗ ನಿನ್ನನ್ನ ನನ್ನ ಕೈಗೆ ಕೊಟ್ಟು ಹೋದ. ಜನ ನನ್ನನ್ನ ಕೇಳ್ತಾರೆ, ನಿನ್ನನ್ನಲ್ಲ," ಎಂದು ಊಟ ಬಿಟ್ಟು ಎದ್ದುಹೋದ. ಅಂದಿನಿಂದ ಆ ಮನೆಯಲ್ಲಿ ಪಾತ್ರೆಗಳ ಸದ್ದೇ ಮಾತು.

ಭಾನುವಾರ ಆರಾಧನೆ ಮುಗಿಸಿ ಪಾಸ್ಟರು ಮನೆಗೆ ಬಂದರು. ಅತ್ತಿಗೆ ಕೊಟ್ಟ ಚಹಾ ಹಿಡಿದುಕೊಂಡು, ಎಲ್ಲರ ಮಾತೂ ಕೇಳಿ, ಹಲ್ಲಕ್ಕನಿಗೆ, "ನೀನೂ ಪ್ರಾರ್ಥನೆ ಮಾಡು ತಾಯಿ. ದಾರಿ ಕೇಳು. ಆದರೆ ಉತ್ತರ ಮೊದಲೇ ಮನಸ್ಸಲ್ಲಿ ಇಟ್ಟುಕೊಂಡು ಕೇಳಬೇಡ," ಎಂದರು.

"ಈ ಬುದ್ಧಿ ಮಾತು ಕುರ್ಚಿಯಣ್ಣನಿಗೂ ಹೇಳಿದ್ರಾ, ಪಾಸ್ಟರೇ?"

ಪಾಸ್ಟರು ಚಹಾ ಕುಡಿದರು. ಬಿಸಿ ಹೆಚ್ಚಾಗಿತ್ತೋ ಏನೋ, ಬಹಳ ಹೊತ್ತು ಕುಡಿದರು.

ಅವರು ಹೇಳಿದ್ದನ್ನು ಹಲ್ಲಕ್ಕ ತಳ್ಳಿಹಾಕಲಿಲ್ಲ. ಅವಳು ಭಕ್ತಿಯಿಲ್ಲದವಳಲ್ಲ. ಆದರೆ ಮನೆಯಲ್ಲಿ ಮಂಡಿಯೂರಿದರೆ ಬಾಗಿಲಾಚೆ ಅತ್ತಿಗೆಯ ಉಸಿರು ಕೇಳುತ್ತಿತ್ತು. ಲ್ಯಾಬಿನಲ್ಲಿ ಉಜ್ಜುವ ಯಂತ್ರ ಶುರುವಾಯಿತೆಂದರೆ ಪಕ್ಕದಲ್ಲಿ ಗುಡುಗಿದರೂ ತಿಳಿಯುವುದಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿ, ಕೈಯಲ್ಲಿ ಯಾರದೋ ಮೇಲುದವಡೆ ಹಿಡಿದು, ಅವಳು ಅಲ್ಲೇ ಪ್ರಾರ್ಥನೆ ಮಾಡತೊಡಗಿದಳು. ಪ್ರಾರ್ಥನೆ ಎಂದರೆ ಪ್ರಾರ್ಥನೆಯೇನಲ್ಲ, ಜಗಳ.

"ನೀನು ಅವನಿಗೆ ಹೇಳಿದ್ದು ನಿಜಾನಾ? ನಿಜ ಆದ್ರೆ ನನಗೂ ಹೇಳು. ಸುಳ್ಳಾದ್ರೆ ಅವನ ಬಾಯಿ ಮುಚ್ಚಿಸು. ಎರಡೂ ಮಾಡದೆ ಮೇಲೆ ಕೂತು ತಮಾಷೆ ನೋಡ್ತೀಯಾ? ನನ್ನನ್ನ ಏನಂದುಕೊಂಡಿದೀಯಾ, ಗಿರಾಕಿ ಬರೋವರೆಗೆ ಮೂಲೆಯಲ್ಲಿ ಇಟ್ಟ ಸ್ಟೂಲಾ?"

ಯಾವ ಉತ್ತರವೂ ಬರಲಿಲ್ಲ. ಮರುದಿನ ಮತ್ತೆ ಬೈದಳು. ಅದರ ಮರುದಿನವೂ. ಕೂಟದ ಹೆಂಗಸರು ಎದುರಾದಾಗ "ಏನಾಯ್ತು? ಸಮಾಧಾನ ಸಿಕ್ತಾ?" ಎಂದು ಕೇಳುವರು. ಸಮಾಧಾನವೆಂಬುದು ಅಂಗಡಿಯಲ್ಲಿ ಸಿಗುವ ಸಾಮಾನೇ ಎಂದು ಅವಳು ಹಲ್ಲು ಕಚ್ಚಿಕೊಂಡು ಮುಂದೆ ಹೋಗುವಳು. ಇವಳ ಮೊಂಡುತನಕ್ಕೆ ದೇವರೂ ಮೌನವಾಗಿಬಿಟ್ಟಿದ್ದಾನೆ ಎಂದು ಅತ್ತಿಗೆ ನೆರೆಮನೆಯವರಿಗೆ ಹೇಳಿದ್ದೂ ಕಿವಿಗೆ ಬಿತ್ತು.

ಒಂದು ಮಧ್ಯಾಹ್ನ ಬೈಗುಳವೂ ಮುಗಿದುಹೋಯಿತು. ಬಯ್ಯುವುದಕ್ಕೂ ಒಂದು ದಣಿವಿದೆ. ಯಂತ್ರ ಕಿರುಚುತ್ತಿತ್ತು, ಉಜ್ಜಿದ ವಸಡಿನ ಗುಲಾಬಿ ಪುಡಿ ಕೈಮೇಲೆ ಉದುರುತ್ತಿತ್ತು. "ಸರಿಯಪ್ಪ," ಎಂದಳು ಹಲ್ಲಕ್ಕ. "ಅವನ ವಿಷಯ ಬಿಡು. ನಾನ್ಯಾಕೆ ಹೀಗೆ ಉರಿದು ಬೀಳ್ತಿದೀನಿ, ಅದನ್ನಾದ್ರೂ ಹೇಳು."

ಆ ಪ್ರಶ್ನೆ ಕೇಳುತ್ತಿದ್ದಂತೆ ಅವಳಿಗೆ ಅಳು ಬಂತು. ಯಾಕೆಂದರೆ ಉತ್ತರ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಲ್ಯಾಬಿನ ಅವಳ ಕುರ್ಚಿಯ ಕಾಲು ಮುರಿದಾಗ ಅವನೇ ಬಂದು ರಿಪೇರಿ ಮಾಡಿದ್ದ. ಅವಳು ಬಗ್ಗಿ ಕೂರುವ ರೀತಿ ನೋಡಿ, ಕೇಳದಿದ್ದರೂ ಬೆನ್ನಿಗೊಂದು ಹಲಗೆ ಸೇರಿಸಿ ಕೊಟ್ಟಿದ್ದ. ಅಂದಿನಿಂದ ಅವಳು ಬಳಸುದಾರಿಯಾದರೂ ಅವನ ಅಂಗಡಿಯ ಮುಂದಿನಿಂದಲೇ ಮನೆಗೆ ಹೋಗುತ್ತಿದ್ದಳು. ಕೂಟದಲ್ಲಿ ಅವನು ಹಾಡುವಾಗ ತಾನು ಹಾಡುವುದನ್ನು ಬಿಟ್ಟು ಕೇಳುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಒಂದು ದಿನ ಅವರು ಬಂದು ಮೆಲ್ಲಗೆ ಕೇಳಿಯಾರು ಎಂದು ಎಲ್ಲೋ ಒಳಗೆ ಕಾದಿದ್ದಳು. ಆ ಮನುಷ್ಯ ಕೇಳಲಿಲ್ಲ. ನಾಲ್ಕು ಜನರೆದುರು ಅಪ್ಪಣೆ ಓದಿದ.

"ಅವರು ನನಗೆ ಇಷ್ಟ ಇದ್ರು ಕಣಪ್ಪಾ!" ಎಂದು ಅವಳು ಕೂಗಿದ್ದಕ್ಕೂ ಕರೆಂಟು ಹೋಗಿದ್ದಕ್ಕೂ ಸರಿಹೋಯಿತು. ಯಂತ್ರ ನಿಂತು ಕೋಣೆಯೆಲ್ಲ ನಿಶ್ಶಬ್ದ. ಆಚೆ ಮೇಜಿನಲ್ಲಿ ಪ್ಲಾಸ್ಟರ್ ಕಲೆಸುತ್ತಿದ್ದ ಲ್ಯಾಬಿನ ಯಜಮಾನರು ತಲೆಯೆತ್ತಿ, "ಯಾರು?" ಎಂದರು.

"ಯಾರೂ ಇಲ್ಲ ಸಾರ್. ದೇವರ ಹತ್ರ ಮಾತಾಡ್ತಿದ್ದೆ."

"ಓಹೋ," ಎಂದು ಯಜಮಾನರು ಮತ್ತೆ ಕಲೆಸತೊಡಗಿದರು.

ಅದನ್ನು ದೇವರ ಉತ್ತರ ಎನ್ನಬಹುದೋ ಇಲ್ಲವೋ ಹಲ್ಲಕ್ಕನಿಗೆ ಗೊತ್ತಾಗಲಿಲ್ಲ. ಧ್ವನಿ ಕೇಳಲಿಲ್ಲ, ದರ್ಶನವಾಗಲಿಲ್ಲ. ಆದರೆ ದೇವರ ಮುಂದೆ ಸುಳ್ಳು ಹೇಳಿ ಹೇಳಿ ಸೋತು ಒಂದು ನಿಜ ಹೇಳಿದ್ದಳು. ಆ ನಿಜ ಹಿಡಿದುಕೊಂಡು ಮುಂದೆ ಎಲ್ಲಿಗೆ ಹೋಗಬೇಕೆಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಕೈ ತೊಳೆದುಕೊಂಡು ಹಿಂದಿನ ಬೀದಿಗೆ ಹೊರಟಳು.

ಕುರ್ಚಿಯಣ್ಣ ಒಂದು ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲಿಗೆ ಅಂಟು ಹಚ್ಚುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು. "ಬನ್ನಿ ಸಹೋದರಿ. ಕರ್ತನು ಮಾತಾಡಿದ್ನಾ?"

"ನಾನು ನಿಮ್ಮ ಹತ್ರ ಮಾತಾಡೋಕೆ ಬಂದೆ. ಒಂದೇ ಒಂದು ಕೇಳ್ತೀನಿ, ನೇರವಾಗಿ ಹೇಳಿ. ನಿಮಗೆ ನಾನು ಬೇಕಾ?"

"ಕರ್ತನ ಚಿತ್ತ ಏನಿದೆಯೋ..."

"ಅದು ಆಮೇಲೆ. ನಿಮ್ಮ ಚಿತ್ತ ಹೇಳಿ."

"ನನ್ನ ಇಷ್ಟಾನ ನಾನು ಕರ್ತನ ಪಾದಕ್ಕೆ ಹಾಕಿಬಿಟ್ಟಿದ್ದೀನಿ."

"ಹಾಕೋಕೆ ಮುಂಚೆ ಅದು ಏನಾಗಿತ್ತು?"

ಅವನು ಬ್ರಷ್ಷನ್ನು ಡಬ್ಬಿಯ ಬಾಯಿಗೆ ಒರೆಸಿದ, ಮತ್ತೆ ಒರೆಸಿದ. ಅವಳು ಕಾದಳು. ಅವನು ಹೂಂ ಎಂದಿದ್ದರೆ ಅಷ್ಟೂ ಕೋಪ ಅಲ್ಲೇ ಕರಗುತ್ತಿತ್ತು.

"ಮೊದಲನೇ ಸಲ ನನ್ನ ಇಷ್ಟದ ಹಾಗೆ ಮದುವೆಯಾದೆ," ಎಂದ ಕುರ್ಚಿಯಣ್ಣ ಕೊನೆಗೆ. "ಯಾರ ಮಾತೂ ಕೇಳಲಿಲ್ಲ, ಪ್ರಾರ್ಥನೆಯೂ ಮಾಡಲಿಲ್ಲ. ಅವಳು ಬಾಳಲಿಲ್ಲ. ಇನ್ನು ನನ್ನ ಇಷ್ಟ ಅನ್ನೋದನ್ನ ನಾನು ನಂಬೋದಿಲ್ಲ. ಅದಕ್ಕೇ ನಿಮ್ಮನ್ನೂ ಕೇಳಲಿಲ್ಲ."

ಹಲ್ಲಕ್ಕನಿಗೆ ಅಯ್ಯೋ ಎನಿಸಿತು. ಆದರೆ ಮರುಕಕ್ಕಿಂತ ಮುಂಚೆ ನಾಲಿಗೆ ಹೊರಟಿತು. "ಹಾಗಾದ್ರೆ ಈ ಸಲ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ದೇವರ ತಲೆಗೆ ಕಟ್ಟೋಣ ಅಂತಾನಾ?"

ಅವನ ಮುಖ ಕೆಂಪಾಯಿತು. ಕುರ್ಚಿಯನ್ನು ಪಕ್ಕಕ್ಕೆ ದೂಡಿ ಎದ್ದು ನಿಂತ. "ನಾಲಿಗೆ ಹಿಡಿತದಲ್ಲಿರಲಿ. ಕರ್ತನ ಮಾತು ಮೀರಿದವರು ಉದ್ಧಾರ ಆಗಲ್ಲ."

"ಶಾಪ ಹಾಕ್ತಿದೀರಾ?"

"ಎಚ್ಚರಿಕೆ ಕೊಡ್ತಿದೀನಿ. ಈ ವಯಸ್ಸಲ್ಲಿ ನಿಮಗೆ ಇನ್ಯಾರು ಬರ್ತಾರೆ?"

"ಯಾರೂ ಬರದೇ ಇರಲಿ. ದೇವರು ಹೇಳಿದ ಅಂತ ನನ್ನನ್ನ ಕಟ್ಟಿಕೊಂಡೋರ ಮನೆಯಲ್ಲಿ ನಾನು ದಿನಾ ಬೆಳಿಗ್ಗೆ ಎದ್ದು ಯಾರ ಮುಖ ನೋಡಲಿ? ನನಗೆ ಬೇಡ. ಇದು ನನ್ನ ಉತ್ತರ, ನನ್ನದೇ," ಎಂದು ಅವಳು ಹೊರಬಿದ್ದಳು.

ಮುಂದಿನ ಶುಕ್ರವಾರ ಅವಳು ಕೂಟಕ್ಕೆ ಬರುವುದಿಲ್ಲ ಎಂದೇ ಎಲ್ಲರೂ ಎಣಿಸಿದ್ದರು. ಬಂದಳು. ಎಂದಿನ ಜಾಗದಲ್ಲಿ ಕೂತಳು. ಅವಳ ಎರಡೂ ಪಕ್ಕ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿಯೇ ಉಳಿಯಿತು. ಕುರ್ಚಿಯಣ್ಣ ಪ್ರಾರ್ಥನೆಗೆ ಎದ್ದು, "ನಮ್ಮ ನಡುವೆ ಹೃದಯ ಕಲ್ಲು ಮಾಡಿಕೊಂಡವರಿದ್ದಾರೆ, ಕರ್ತನೇ, ಅವರನ್ನು ಮುರಿದುಬಿಡು..." ಎಂದು ಶುರುಮಾಡಿದ.

ಹಲ್ಲಕ್ಕ ಕಣ್ಣು ಬಿಟ್ಟಳು. "ಕುರ್ಚಿಯಣ್ಣಾ," ಎಂದಳು, ಕೋಣೆಯ ಮೂಲೆಗೂ ಕೇಳುವ ಹಾಗೆ. "ನನ್ನ ವಿಷಯ ಆದ್ರೆ ನನ್ನ ಮುಖ ನೋಡಿ ಬೈದುಬಿಡಿ. ದೇವರಿಗೆ ಹೇಳೋ ನೆಪದಲ್ಲಿ ಬೇಡ."

ಕುರ್ಚಿಯಣ್ಣನ ಬಾಯಿ ತೆರೆದೇ ಇತ್ತು. ಪಾಸ್ಟರು ಗಡಿಬಿಡಿಯಿಂದ ಹಾಡು ಎತ್ತಿಕೊಂಡರು. ಶ್ರುತಿ ತಪ್ಪಿತು, ಯಾರೂ ಸೇರಿಕೊಳ್ಳಲಿಲ್ಲ. ಹಲ್ಲಕ್ಕ ಸೇರಿಕೊಂಡಳು. ಧ್ವನಿ ಒಡೆದಿತ್ತು, ಆದರೂ ಕೊನೆಯ ಚರಣದವರೆಗೆ ಹಾಡಿ, ತಲೆ ಬಾಗಿಸಿ, ತನ್ನ ಪಾಡಿಗೆ ಏನೋ ಬೇಡಿಕೊಂಡು ಎದ್ದಳು.

ಮನೆಯ ದಾರಿಯಲ್ಲಿ ಅಣ್ಣ ಅತ್ತಿಗೆ ಮುಂದೆ, ಅವಳು ಹಿಂದೆ. ಅಣ್ಣನ ನಡಿಗೆಯಲ್ಲೇ ಸಿಟ್ಟು ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಗಕ್ಕನೆ ನಿಂತು ತಿರುಗಿದ. ಎಷ್ಟೋ ದಿನಗಳ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

"ಅವನು ದೇವರು ಗೀವರು ಅನ್ನದೆ, ಸುಮ್ಮನೆ ಬಂದು ಮದುವೆ ಆಗ್ತೀಯಾ ಅಂತ ಕೇಳಿದ್ರೆ ಏನಂತಿದ್ದೆ?"

"ಆಗ್ತೀನಿ ಅಂತಿದ್ದೆ."

ಅಣ್ಣ ಅವಳ ಮುಖವನ್ನೇ ನೋಡಿದ. ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಥೂ, ದಡ್ಡ ಮುಂಡೇದು!" ಎಂದ.

"ಯಾರು, ನಾನಾ?"

"ಅವನು ಕಣೇ!"

"ಹಾಗಾದ್ರೆ ನಮ್ಮಮ್ಮನ ರೂಮು?" ಎಂದಳು ಅತ್ತಿಗೆ.

"ನೀನು ಸ್ವಲ್ಪ ಬಾಯಿ ಮುಚ್ಚು," ಎಂದ ಅಣ್ಣ. ಅತ್ತಿಗೆ ಮೂತಿ ತಿರುಗಿಸಿಕೊಂಡು ಮುಂದೆ ನಡೆದಳು. ಮೂವರಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟು ಇಳಿದಿರಲಿಲ್ಲ. ಅದನ್ನು ಹೊತ್ತುಕೊಂಡೇ, ಒಂದೇ ದಾರಿಯಲ್ಲಿ, ಮನೆಗೆ ಹೋದರು.